ಕರಾರು ಓದದೆ ಬೀಗ ಮುಟ್ಟದ ನನ್ನಕ್ಕ

ಮನೆಯ ಬೀಗ ಬದಲಿಸಿಕೊಡಿ ಎಂದು ನಮ್ಮ ಅಂಗಡಿಗೆ ಯಾರೇ ಬರಲಿ, ನನ್ನಕ್ಕನ ಮೊದಲ ಪ್ರಶ್ನೆ ಒಂದೇ: ಅಲ್ಲಿ ಬಾಡಿಗೆಗೆ ಯಾರಾದರೂ ಇದ್ದಾರಾ? ಇದ್ದರೆ ಕರಾರುಪತ್ರ ತೋರಿಸಬೇಕು. ಅವಳು ಅದನ್ನು ಕೊನೆಯ ಸಾಲಿನವರೆಗೂ ಓದಿ ಮುಗಿಸುವ ತನಕ ಗಿರಾಕಿ ಕಾಯಬೇಕು. ಎಷ್ಟೋ ಜನ ಗೊಣಗುತ್ತಾ ಎದ್ದು ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೀಗ ರಿಪೇರಿಯವಳಿಗೆ ಊರವರ ಕಾಗದದ ಉಸಾಬರಿ ಯಾಕೆ ಎಂದು ಅವಳೊಂದಿಗೆ ಎಷ್ಟು ಸಲ ಜಗಳವಾಡಿದ್ದೇನೋ ಲೆಕ್ಕವಿಲ್ಲ. ಬೀದಿಯವರು ಅವಳನ್ನು ವಕೀಲಮ್ಮ ಎಂದು ಆಡಿಕೊಳ್ಳುತ್ತಿದ್ದರು.

ಅವಳ ಹಟಕ್ಕೆ ಕಾರಣವಿತ್ತು. ಅಪ್ಪ ತೀರಿಕೊಂಡು ಅಂಗಡಿ ಅವಳ ಕೈಗೆ ಬಂದ ಹೊಸತು. ಮನೆ ಖಾಲಿಯಿದೆ ಎಂದು ಒಬ್ಬ ಮಾಲೀಕ ಹೇಳಿದ, ಇವಳು ನಂಬಿ ಬೀಗ ಬದಲಿಸಿ ಬಂದಳು. ಸಂಜೆ ಅದೇ ದಾರಿಯಲ್ಲಿ ಬರುವಾಗ ಒಬ್ಬ ಹೆಂಗಸು ಆ ಬಾಗಿಲಿಗೆ ಹಳೆಯ ಕೀಲಿ ಹಾಕಿ ಹಾಕಿ ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಶಾಲೆಯ ಚೀಲ ಹೊತ್ತ ಮಗಳು. ಹತ್ತಿರ ಹೋಗಲು ಅಕ್ಕನಿಗೆ ಧೈರ್ಯ ಬರಲಿಲ್ಲ. ಮರುದಿನ ಹೋದರೆ ಅವರು ಅಲ್ಲಿರಲಿಲ್ಲ. ಆ ನಾಚಿಕೆ ಅವಳನ್ನು ಬಿಡಲೇ ಇಲ್ಲ.

ಹೋದ ತಿಂಗಳು ಮೂರು ಅಂತಸ್ತಿನ ಕಟ್ಟಡದ ಮಾಲೀಕ ಕರೆಸಿದ. ಮೇಲಿನ ಮನೆಯ ನರ್ಸ್ ಮಕ್ಕಳನ್ನು ಕಟ್ಟಿಕೊಂಡು ಓಡಿಹೋಗಿದ್ದಾಳೆ, ಬೀಗ ಬದಲಿಸಬೇಕು ಎಂದ. ಕರಾರನ್ನೂ ತೋರಿಸುತ್ತೇನೆ ಎಂದ. ನಾನೂ ಅಕ್ಕನೂ ಹೋಗಿ ನೋಡಿದರೆ ಆ ಮನೆಯ ಬಾಲ್ಕನಿಯಲ್ಲಿ ಸಮವಸ್ತ್ರಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಓಡಿಹೋಗೋರು ಬಟ್ಟೆ ಒಗೆದು ಒಣಗಿಹಾಕಿ ಹೋಗ್ತಾರಾ?” ಎಂದಳು ಅಕ್ಕ.

ಮಾಲೀಕ ಬಿಗುಮಾನದಿಂದ ಕರಾರು ಕೈಗಿಟ್ಟ. ಅವನೂ ಅದನ್ನು ಓದಿರಲಿಲ್ಲವೆಂದು ನನ್ನ ಗುಮಾನಿ. ಅಕ್ಕ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಓದತೊಡಗಿದಳು. ಅವಧಿ ಮುಗಿಯಲು ಇನ್ನೂ ಐದು ತಿಂಗಳಿತ್ತು. ಮನೆ ಬಿಡಿಸಬೇಕೆಂದರೆ ಎರಡು ತಿಂಗಳು ಮೊದಲೇ ಬರಹದಲ್ಲಿ ತಿಳಿಸಬೇಕಿತ್ತು. ರಿಪೇರಿಗೆಂದು ಒಳಗೆ ಕಾಲಿಡಬೇಕಾದರೂ ಹಿಂದಿನ ದಿನವೇ ಹೇಳಬೇಕಿತ್ತು. ಒಂದೊಂದು ಷರತ್ತು ಓದಿದಂತೆ ಒಂದೊಂದು ಬಾಗಿಲು ತೆರೆದು ಬಾಡಿಗೆದಾರರು ಹೊರಗೆ ಬಂದರು. ಮಾಲೀಕನ ಮುಖ ಹುಳ್ಳಗಾಯಿತು. ಹೇಳಿದಷ್ಟು ಮಾಡು ಎಂದು ಗದರಿದ.

“ನೋಟಿಸ್ ಕೊಟ್ಟಿದ್ರೆ ತೋರ್ಸಿ. ಇಲ್ಲ ಅಂದ್ರೆ ನಾನು ಈ ಬೀಗ ಮುಟ್ಟಲ್ಲ.”

ಕೊಟ್ಟಿದ್ದರೆ ತಾನೆ ತೋರಿಸಲು! ಬೇರೆಯವರನ್ನು ಕರೆಸುತ್ತೇನೆ ಎಂದು ಹಾರಾಡಿದ. ಕರೆಸಿ, ನಾವೂ ಇಲ್ಲೇ ಇರುತ್ತೇವೆ ಎಂದು ಕೆಳಮನೆಯ ನಿವೃತ್ತ ಗುಮಾಸ್ತರು ಕುರ್ಚಿ ತಂದು ಹಾಕಿಕೊಂಡರು. ಅಷ್ಟರಲ್ಲಿ ಕೆಲಸ ಮುಗಿಸಿದ ನರ್ಸ್ ಇಬ್ಬರು ಮಕ್ಕಳೊಂದಿಗೆ ಬಂದಳು. ವಿಷಯ ತಿಳಿದು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಾಲೀಕನ ತಮ್ಮನ ಮಗನಿಗೆ ಆ ಮನೆ ಬೇಕಿತ್ತಂತೆ, ಇವಳು ಬಿಡುವುದಿಲ್ಲ ಎಂದಿದ್ದಳಂತೆ. ಅವಳ ಬಳಿ ಕರಾರಿನ ಪ್ರತಿಯೇ ಇರಲಿಲ್ಲ. ಅವನು ಬೆರಳಿಟ್ಟಲ್ಲಿ ಸಹಿ ಹಾಕಿದ್ದಳು, ಅಷ್ಟೆ. ವಿಚಾರಿಸಿದರೆ ಕಟ್ಟಡದಲ್ಲಿ ಯಾರ ಬಳಿಯೂ ಇರಲಿಲ್ಲ.

ನಾನೇ ಮೂಲೆಯ ಜೆರಾಕ್ಸ್ ಅಂಗಡಿಗೆ ಓಡಿದೆ. ಸಹಿ ಹಾಕದಿದ್ದರೆ ಎಲ್ಲರೂ ಪೊಲೀಸ್ ಠಾಣೆಗೆ ಹೋಗೋಣ ಎಂದು ಗುಮಾಸ್ತರು ಎದ್ದು ನಿಂತ ಮೇಲೆ, ತಂದ ಪ್ರತಿಯ ಒಂದೊಂದು ಹಾಳೆಗೂ ಮಾಲೀಕ ಎಲ್ಲರೆದುರು ಸಹಿ ಹಾಕಿದ. ಉಳಿದವರ ಪ್ರತಿಗಳನ್ನು ನಾಳೆ ಕೊಡುತ್ತೇನೆಂದು ಒಪ್ಪಿಕೊಂಡು ಬಾಲ ಮುದುರಿಕೊಂಡು ಹೊರಟ. ನಾನು ಅಕ್ಕನ ಸಾಮಾನಿನ ಚೀಲವನ್ನು ಖುಷಿಯಿಂದ ಹೆಗಲಿಗೇರಿಸಿಕೊಂಡೆ.

ಬಾಗಿಲು ತೆಗೆದುಕೊಡಿ ಎಂದು ನರ್ಸ್ ಕೀಲಿಯನ್ನು ಅಕ್ಕನತ್ತ ಚಾಚಿದಳು.

“ನಿಮ್ಮನೆ. ನೀವೇ ತೆಗೀರಿ,” ಎಂದಳು ಅಕ್ಕ.

ಕೀಲಿ ತಿರುಗಿತು. ಮಕ್ಕಳು ಮುಂದೆ ನುಗ್ಗಿದರು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳುವವರೆಗೂ ಅಕ್ಕ ಮೆಟ್ಟಿಲಿಂದ ಕದಲಲಿಲ್ಲ.