ಕರಾಚಿಗೆ ಹೊರಟ ಖಾಲಾ

“ಕೂಲಿಯವನ ಮಗನ ಸಹಿ ಕಚೇರಿಯೊಳಗ ನಡೆಯಂಗಿಲ್ಲ” ಎಂದು ನನ್ನನ್ನು ಹೀಗಳೆದವರು ನಮ್ಮ ಕಮಲಾಪುರದ ಪಟೇಲರು. ನಿಜಾಮರ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷಗಳಾಗಿದ್ದವು. ನಮ್ಮ ಓಣಿಯವರೆಲ್ಲ ಚಿಕ್ಕಮ್ಮ ಎಂಬರ್ಥದಲ್ಲಿ ಖಾಲಾ ಎನ್ನುತ್ತಿದ್ದ ಹುಸೇನಬಿಗೆ ಕರಾಚಿಯಲ್ಲಿದ್ದ ಮಗಳನ್ನು ನೋಡಿಬರಲು ತಾತ್ಕಾಲಿಕ ಪರವಾನಗಿ ಬೇಕಿತ್ತು. ಅವರು ಮರಳಿ ಬರುತ್ತಾರೆಂದು ಪದವೀಧರರೊಬ್ಬರು ಬರೆದುಕೊಡಬೇಕಿತ್ತು. ನಮ್ಮ ಓಣಿಯಲ್ಲಿ ಬಿ.ಎ. ಆದವನು ನಾನೊಬ್ಬನೇ, ಅದೂ ಮೂರನೆಯ ಸಲಕ್ಕೆ.

ಕಲಬುರಗಿಯ ಕಚೇರಿ ಮುಂದೆ ಬೇವಿನ ನೆರಳಲ್ಲಿ ಕೂತು ಅರ್ಜಿ ತುಂಬುತ್ತಿದ್ದೆ.

“ಯಾಕ ಹೊಂಟೀರಿ ಅಂತ ಕೇಳ್ಯಾರ, ಖಾಲಾ. ಏನ್ ಬರೀಲಿ?”

ಖಾಲಾ ಕಣ್ಣು ಮುಚ್ಚಿದರು. ಅವರ ಬೆರಳುಗಳು ಗಾಳಿಯಲ್ಲೇ ಜಡೆ ಹೆಣೆಯತೊಡಗಿದವು.

“ಮಗಳ ತಲಿ ಬಾಚಿ ಬರ್ತೀನಿ ಅಂತ ಬರಿ, ಬೇಟಾ. ಅಕಿ ಕೂದಲಾ ಭಾಳ ಉದ್ದ ಅವ.”

ಹಾಗೆಯೇ ಬರೆದೆ; ಮರಳಿ ಬರುತ್ತಾರೆಂದು ಕೆಳಗೆ ನನ್ನ ಸಹಿ ಹಾಕಿದೆ. ಕಚೇರಿಯ ಸಾಹೇಬರು ಓದಿದರು, ಕಿಟಕಿಯಾಚೆ ನೋಡಿದರು, ಮೊಹರು ಒತ್ತಿದರು.

ಕೆಲವು ವಾರಗಳ ಮೇಲೆ ಪರವಾನಗಿ ಬಂತು. ನಮ್ಮ ಮನೆಯ ಹೊಸ್ತಿಲಲ್ಲಿ ಅದನ್ನು ಖಾಲಾ ಕೈಗಿಟ್ಟೆ. ಹಿಂದೆ ನಿಂತಿದ್ದ ಅವ್ವ ಮುಂದೆ ಬಂದು ಆ ಕೈಗಳನ್ನು ಹಿಡಿದುಕೊಂಡಳು.

“ಲಗೂನ ಬಾ, ಹುಸೇನಬಿ. ನೀ ತಿರುಗಿ ಬರ್ತಿ ಅಂತ ನನ್ನ ಮಗ ಬರದ ಕೊಟ್ಟಾನ. ಅವನ್ನ ಸುಳ್ಳಗಾರನ್ನ ಮಾಡಬ್ಯಾಡ.”