ದೊಡ್ಡಮ್ಮನ ಪಾಲಿಗೆ ಬಂದ ಅಂಬೆಗಾಲು ಕೃಷ್ಣ

ಕೊಡಗು ಬೇರೆಯೇ ಒಂದು ರಾಜ್ಯವಾಗಿದ್ದ ಕಾಲ ಅದು. ನನಗೆ ಇಪ್ಪತ್ತೊಂದು ವರ್ಷ. ಕೊಡ್ಲಿಪೇಟೆಯಲ್ಲಿ ಟೀಚರ್ ಕೆಲಸ ಸಿಕ್ಕಿ, ಶಾಲೆಗೆ ಹತ್ತಿರದ ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದೆ. ಆ ಮನೆಯಲ್ಲಿದ್ದವರು ಇಬ್ಬರೇ, ಗಂಡಂದಿರನ್ನು ಕಳೆದುಕೊಂಡ ಅಕ್ಕತಂಗಿಯರು. ಅಕ್ಕನನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ, ತಂಗಿಯನ್ನು ಚಿಕ್ಕಮ್ಮ.

ದೊಡ್ಡಮ್ಮ ವೇದಾಂತಿ. ಕಾಫಿ ಕುಡಿದು, ಕನ್ನಡಕ ಏರಿಸಿ, ಜಗಲಿಯಲ್ಲಿ ದಪ್ಪ ಪುಸ್ತಕ ಬಿಚ್ಚಿದರೆ ಮುಗಿಯಿತು. ಇರುವುದು ಬ್ರಹ್ಮವೊಂದೇ, ಉಳಿದದ್ದೆಲ್ಲ ಬರೀ ತೋರಿಕೆ. ಆ ತೋರಿಕೆಯಲ್ಲಿ ಪಾತ್ರೆ ತೊಳೆಯುವುದೂ ಸೇರಿದ್ದರಿಂದ ಅದು ಚಿಕ್ಕಮ್ಮನ ಪಾಲಿಗೆ ಬಂದಿತ್ತು. ಚಿಕ್ಕಮ್ಮನಿಗೋ ಹೆಬ್ಬೆರಳು ಗಾತ್ರದ ಹಿತ್ತಾಳೆಯ ಅಂಬೆಗಾಲು ಕೃಷ್ಣನೇ ಸರ್ವಸ್ವ. ಅವನಿಗೆ ಸ್ನಾನ, ಹಾಲು, ಬೆಣ್ಣೆ, ಚಳಿಗಾಲದಲ್ಲಿ ಉಲ್ಲನ್ ಟೋಪಿ.

"ಅದು ಹಿತ್ತಾಳೆ ಕಣೇ," ಎನ್ನುತ್ತಿದ್ದರು ದೊಡ್ಡಮ್ಮ.

"ನಿನ್ನ ಬ್ರಹ್ಮ ಎಲ್ಲಾದ್ರಲ್ಲೂ ಇದೆ ಅಂತೀಯಲ್ಲ ಅಕ್ಕಯ್ಯ, ಹಿತ್ತಾಳೆ ಒಂದನ್ನ ಬಿಟ್ಟು ಹೋಯ್ತಾ?" ಎನ್ನುತ್ತಿದ್ದರು ಚಿಕ್ಕಮ್ಮ.

ಆಗ ಊರಿನ ಗಂಡಸರೆಲ್ಲ ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಅಂಗಡಿಗಳ ಮುಂದೆ ನಿಂತು ಕೂಗಾಡುತ್ತಿದ್ದರು. ನಮ್ಮ ಮನೆಯೊಳಗೆ ಜೀವ ಬ್ರಹ್ಮಕ್ಕೆ ಸೇರಬೇಕೋ ಬೇಡವೋ ಎಂದು ಅದಕ್ಕಿಂತ ಜೋರಾಗಿ ನಡೆಯುತ್ತಿತ್ತು.

ಹೀಗಿರುವಾಗ ಸಂಪಾಜೆಯಲ್ಲಿದ್ದ ಚಿಕ್ಕಮ್ಮನ ಮಗಳಿಗೆ ದಿನ ತುಂಬಿತು. ಬಸ್ಸಿನ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ತಾಯಿಯೇ ಅಲ್ಲಿಗೆ ಹೊರಟರು. ಹೆರಿಗೆ ಮನೆಯ ಮೈಲಿಗೆಯಲ್ಲಿ ದೇವರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಕೃಷ್ಣನನ್ನು ಅಕ್ಕನ ಕೈಗೆ ಕೊಟ್ಟು, "ನಿನಗೆ ನಂಬಿಕೆ ಇಲ್ದಿದ್ರೆ ಬೇಡ. ಕೂಸಿಗೆ ಕುಡಿಸೋ ಹಾಗೆ ದಿನಾ ಒಂದು ಒಳಲೆ ಹಾಲು ಇಡು, ಸಾಕು," ಎಂದು ಕಣ್ಣೊರೆಸಿಕೊಂಡು ಬಸ್ಸು ಹತ್ತಿದರು.

"ಪೂಜೆ ಅಲ್ಲ ಇದು. ಕೊಟ್ಟ ಮಾತು," ಎಂದು ದೊಡ್ಡಮ್ಮ ನನಗೆ ಎರಡು ಸಲ ಸ್ಪಷ್ಟಪಡಿಸಿದರು.

ನನಗೆ ಒಳಗೊಳಗೇ ತುಂಟತನ ಕುಣಿಯತೊಡಗಿತು. ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದೆನಲ್ಲ, ಕೈತೊಳೆಯಲು ಒಳಗೆ ಹೋಗುವಾಗ ದೇವರ ಮಣೆಯ ಮೇಲಿದ್ದ ಕೃಷ್ಣನನ್ನು ಅಡಿಗೆಮನೆ ಕಡೆಗೆ ತಿರುಗಿಸಿಟ್ಟೆ. ಮಾರನೆಯ ದಿನ ಮಣೆಯ ಅಂಚಿಗೆ ತಂದೆ. ಮೂರನೆಯ ದಿನ ಮಣೆಯಿಂದಲೇ ಇಳಿಸಿ ಅಡಿಗೆಮನೆಯ ಹೊಸಿಲಿಗೆ ಮುಖಮಾಡಿ ಬಿಟ್ಟೆ.

ಊಟ ಮಾಡುತ್ತಾ ಕಿವಿಗೊಟ್ಟೆ. ದೊಡ್ಡಮ್ಮ ಅವನನ್ನೆತ್ತಿ ಮಣೆಯ ಮೇಲೆ ಕುಕ್ಕಿದ ಸದ್ದಾಯಿತು.

"ಬ್ರಹ್ಮಕ್ಕೆ ಚಲನೆ ಇಲ್ಲ. ಸುಮ್ನೆ ಕೂತ್ಕೋ!"

ನಗು ತಡೆಯಲಾರದೆ ನನಗೆ ಸಾರು ನೆತ್ತಿಗೇರಿತು.

ವಾರ ಕಳೆಯುವಷ್ಟರಲ್ಲಿ ದನಿ ಬದಲಾಯಿತು. "ನೀನೇ ನಾನು ಅಂತ ಪುಸ್ತಕದಲ್ಲಿ ಬರೆದಿದೆ. ಅಂದಮೇಲೆ ನಾನು ಕುಡಿದ ಕಾಫಿ ನಿನಗೂ ಸೇರ್ತಲ್ಲ, ಹಾಲು ಬೇರೆ ಬೇಕಾ?" ಎಂದು ಒಂದು ದಿನ ವಾದಕ್ಕೆ ಇಳಿದರು. ಪುಸ್ತಕ ಮುಚ್ಚಿದ ಸದ್ದಾಯಿತು. ಆಮೇಲೆ, "ಹೂಂ, ಗೊತ್ತಾಯ್ತು ಬಿಡು, ಮುಖ ಸಣ್ಣ ಮಾಡಬೇಡ," ಎಂದು ಬೆಣ್ಣೆಯ ಗಡಿಗೆ ಇಳಿಸಿದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮರುದಿನ ಅವನನ್ನು ಅಡಿಗೆಮನೆಯ ಕಿಟಕಿಯ ಮೇಲೆ, ಬೆಣ್ಣೆ ಗಡಿಗೆಯ ಪಕ್ಕದಲ್ಲೇ ಇಟ್ಟು ಶಾಲೆಗೆ ಓಡಿದೆ.

ಸಂಜೆ ನಾಲ್ಕಕ್ಕೆ ಬಂದರೆ ಮನೆಯೆಲ್ಲ ಚೆಲ್ಲಾಪಿಲ್ಲಿ. ಅಕ್ಕಿ ಡಬ್ಬ ಬೋರಲು ಬಿದ್ದಿತ್ತು, ಹಾಸಿಗೆಗಳು ಅಂಗಳದಲ್ಲಿದ್ದವು. ದೊಡ್ಡಮ್ಮ ಕೂದಲು ಕೆದರಿಕೊಂಡು, "ಅವನು ಕಾಣ್ತಿಲ್ಲ ಕಣೇ," ಎಂದರು. ಕಿಟಕಿಗೆ ಓಡಿದೆ. ಗಡಿಗೆ ಇತ್ತು, ಕೃಷ್ಣ ಇರಲಿಲ್ಲ. ಬೆಕ್ಕೋ ಕಾಗೆಯೋ ಬೀಳಿಸಿರಬೇಕು. ಕಿಟಕಿಯ ಕೆಳಗೆ ಕಣ. ಕಣದ ತುಂಬಾ ಪಕ್ಕದ ಎಸ್ಟೇಟಿನವರು ಒಣಹಾಕಿದ್ದ ಕಾಫಿ ಹಣ್ಣು.

ಇಬ್ಬರೂ ಮಂಡಿಯೂರಿ ಕಾಫಿಯಲ್ಲಿ ಕೈಯಾಡಿಸುತ್ತಾ ಹುಡುಕಿದೆವು. ದೊಡ್ಡಮ್ಮ ಪ್ರತಿ ಹಿಡಿಗೂ, "ಬಾರೋ, ಬಾರಪ್ಪ," ಎನ್ನುತ್ತಿದ್ದರು. ಕೊನೆಗೆ ಅವರ ಬೆರಳಿಗೇ ಸಿಕ್ಕಿದ. ಎದೆಗೊತ್ತಿಕೊಂಡು ಗಳಗಳನೆ ಅತ್ತರು. ನಾನು ನೋಡುತ್ತಿದ್ದೇನೆಂದು ಗೊತ್ತಾದಾಗ, "ಬಿಸಿಲಿಗೆ ಹಿತ್ತಾಳೆ ಕಾದುಬಿಟ್ಟಿದೆ," ಎಂದು ಸೆರಗಿನಿಂದ ಒರೆಸತೊಡಗಿದರು.

ತಡೆಯಲಾಗಲಿಲ್ಲ. "ಕಿಟಕಿ ಮೇಲೆ ಇಟ್ಟಿದ್ದು ನಾನೇ ದೊಡ್ಡಮ್ಮ. ಮೊದಲಿಂದಲೂ ನಾನೇ."

"ಗೊತ್ತು. ದಿನಾ ಅವನ ಬೆನ್ನ ಮೇಲೆ ಸೀಮೆಸುಣ್ಣದ ಬೆರಳಿನ ಗುರುತು ಇರ್ತಿತ್ತು. ಕಿಟಕಿ ಹತ್ರ ಇಡ್ತೀಯ ಅಂತ ಮಾತ್ರ ಗೊತ್ತಿರಲಿಲ್ಲ, ಮಂಗ."

"ಗೊತ್ತಿದ್ದೂ ಅವನ ಹತ್ರ ಯಾಕೆ ಮಾತಾಡ್ತಿದ್ರಿ?"

ದೊಡ್ಡಮ್ಮ ಸೆರಗು ಕೊಡವಿಕೊಂಡು ಎದ್ದರು. "ತಿರುಗಿಸಿದ್ದು ನೀನು. ನಿನ್ನೊಳಗೆ ಇರೋದು ಯಾರು? ಪುಸ್ತಕ ಓದಿ ಓದಿ ಅಷ್ಟು ತಿಳ್ಕೊಂಡಿದ್ದೆ. ಅವನಿಗೆ ಹಸಿವಾಗುತ್ತೆ ಅಂತ ಮಾತ್ರ ಪುಸ್ತಕದಲ್ಲಿ ಇರಲಿಲ್ಲ." ಎರಡು ಹೆಜ್ಜೆ ಹೋಗಿ ತಿರುಗಿ, "ತಂಗಿಗೆ ಹೇಳಿದ್ರೆ ನಿನಗೆ ಊಟ ಇಲ್ಲ," ಎಂದರು.

ಚಿಕ್ಕಮ್ಮ ಮೊಮ್ಮಗಳನ್ನು ಎತ್ತಿ ಆಡಿಸಿ ಎರಡು ತಿಂಗಳ ಮೇಲೆ ಬಂದರು. ಓಡಿಹೋಗಿ ಕೃಷ್ಣನನ್ನು ಎತ್ತಿಕೊಳ್ಳುತ್ತಾರೆಂದು ನಾನು ಕಾದೆ. ಅವರು ನಿಧಾನವಾಗಿ ಕಾಲು ತೊಳೆದು, ಕಾಫಿ ಕುಡಿದು, ಮಣೆಯ ಮುಂದೆ ಕೈಮುಗಿದರು, ಅಷ್ಟೇ.

"ಮೊದಲೆರಡು ದಿನ ಇವನಿಲ್ಲದೆ ಅನ್ನ ಸೇರಲಿಲ್ಲ ಅಕ್ಕಯ್ಯ. ಆಮೇಲೆ ಮಗು ಹುಟ್ತು. ಅದು ಹಾಲು ಕುಡಿಯುವಾಗ ನೋಡ್ತಿದ್ದೆ, ಅದೇ ಮುಖ! ಬಾಣಂತಿ ನೀರು ಕಾಯಿಸೋ ಹೆಂಗಸಿನ ಮುಖದಲ್ಲೂ ಅವನೇ. ಎಲ್ಲಾ ಒಂದೇ ಕಣೇ. ಒಂದು ದಿನ ಇವನಿಗೆ ಹಾಲು ತಪ್ಪಿದ್ರೂ ಏನೂ ಆಗಲ್ಲ."

"ಏನೂ ಆಗಲ್ವಾ?" ದೊಡ್ಡಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿತು. "ಕೂಸನ್ನ ಉಪವಾಸ ಕೆಡವ್ತೀಯಾ? ನಿನ್ನ ವೇದಾಂತ ಸಂಪಾಜೆಯಲ್ಲೇ ಇಟ್ಕೋ!"

ಮತ್ತೆ ಶುರುವಾಯಿತು, ಅದೇ ಜೋರಿನಲ್ಲಿ. ನಾನು ಕೋಣೆಯ ಬಾಗಿಲು ಹಾಕಿಕೊಂಡು ದಿಂಬಿಗೆ ಮುಖ ಹುದುಗಿಸಿ ನಕ್ಕೆ.

ಮರುವರ್ಷ ನನಗೆ ತಿತಿಮತಿಗೆ ವರ್ಗವಾಯಿತು. ಅಲ್ಲಿಗೆ ಬಂದ ಮೊದಲ ಕಾರ್ಡಿನಲ್ಲಿ ಎರಡು ಕೈಬರಹ. ಮೇಲರ್ಧದಲ್ಲಿ ದೊಡ್ಡಮ್ಮ, ತಂಗಿ ಪೂಜೆಯಲ್ಲಿ ತೀರಾ ಸೋಮಾರಿಯಾಗಿದ್ದಾಳೆ ಎಂದು ದೂರಿದ್ದರು. ಕೆಳಗೆ ಉಳಿದಿದ್ದ ಚೂರು ಜಾಗದಲ್ಲಿ ಚಿಕ್ಕಮ್ಮ ಬರೆದಿದ್ದರು: "ಅಕ್ಕಯ್ಯ ಈಗ ಓದುವುದು ಅವನಿಗೆ ಕೇಳಿಸಲಿಕ್ಕೆ. ಅರ್ಥವಾಗದ ಕಡೆ ಅವನನ್ನೇ ಕೇಳುತ್ತಾಳೆ. ಅವನು ಹೇಳಿದ ಅರ್ಥ ನನಗೆ ಹೇಳುವುದಿಲ್ಲ. ನೀನೇ ಬಂದು ಕೇಳು."