ಯಾಳಿನಿಗೆ ಮಾತು ಬಂದದ್ದು

“ಕನ್ನಡ ಬರುತ್ತಾ ನಿಮಗೆ?” ಸುಂಕದಕಟ್ಟೆಯಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಮನೆಯೊಡತಿ, ಅಂದರೆ ಇಲ್ಲಿಯವರ ಬಾಯಲ್ಲಿ ಓನರ್ ಆಂಟಿ, ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನಾನು ಆಗಷ್ಟೇ “ಮನಿ ಛಲೋ ಐತ್ರಿ, ಯಾವಾಗ ಬರ್ಲಿ?” ಎಂದಿದ್ದೆ. ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಕಪಾಳಕ್ಕೆ ಹೊಡೆದಂತಾಯಿತು. ಬರುತ್ತದೆ ಎಂದೆ. “ಹಂಗಾದ್ರೆ ಸರಿ ಬಿಡಮ್ಮ” ಎಂದು ಕೀಲಿಕೈ ಕೊಟ್ಟರು.

ಹೇಗಿದೆ ಬೆಂಗಳೂರು ಎಂದು ನೀವು ಊರಿನವರು ಕೇಳುತ್ತಲೇ ಇರುತ್ತೀರಿ. ನಮ್ಮಲ್ಲಿ ಮನೆಯ ಮುಂದೆ ಕಟ್ಟೆ ಇರುತ್ತದೆ, ಹಾದು ಹೋಗುವವರು ಕೂತು ಎರಡು ಮಾತಾಡಿ ಹೋಗುತ್ತಾರೆ. ಇಲ್ಲಿ ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಕಟ್ಟಡದ ಗೋಡೆ ಸಿಗುತ್ತದೆ, ಅಲ್ಲಿ ಇರುವವರ ಮುಖ ಸಿಗುವುದಿಲ್ಲ. ರಾಜಾಜಿನಗರದ ಒಂದು ಕ್ಲಿನಿಕ್ಕಿನಲ್ಲಿ, ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ದಿನವಿಡೀ ಬೇರೆಯವರ ಮಕ್ಕಳನ್ನು ಮಾತಾಡಿಸಿ, ಮಾಗಡಿ ರೋಡಿನ ಬಸ್ಸಿನಲ್ಲಿ ನಿಂತುಕೊಂಡು ಮನೆಗೆ ಬಂದರೆ ನನ್ನನ್ನು ಮಾತಾಡಿಸುವವರು ಯಾರೂ ಇಲ್ಲ. ಅಳು ಬಂದದ್ದೂ ಉಂಟು.

ನಂಟು ಕೂಡಿಸಿದ್ದು ರೊಟ್ಟಿ. ಇಲ್ಲಿಯವರಿಗೆ ಮುದ್ದೆ ಗೊತ್ತು, ಜೋಳದ ರೊಟ್ಟಿ ಬಡಿಯುವ ಸಪ್ಪಳ ಗೊತ್ತಿಲ್ಲ. “ಬೆಳಬೆಳಗ್ಗೆ ಅದೇನಮ್ಮ ಕುಟ್ತೀರ?” ಎಂದು ಓನರ್ ಆಂಟಿ ಕೆಳಗಿನಿಂದ ಕೂಗಿದರೆ, ಪಕ್ಕದ ಮನೆಯ ಪುಟ್ಟ ಹುಡುಗಿ ಅದೇ ಸಪ್ಪಳಕ್ಕೆ ಬಂದು ನನ್ನ ಬಾಗಿಲಲ್ಲಿ ನಿಲ್ಲತೊಡಗಿದಳು. ಮೂರು ದಾಟಿದ ಮಗು. ರೊಟ್ಟಿಯ ಚೂರು ಕೊಟ್ಟರೆ ತಿನ್ನುವಳು, ಮಾತು ಮಾತ್ರ ಇಲ್ಲ. ಹೆಸರು ಯಾಳಿನಿ ಎಂದು ಅವಳ ತಾಯಿ ಸೆಲ್ವಿ ಹೇಳಿದಳು. ತಿರುಪತ್ತೂರು ಕಡೆಯ ತಮಿಳು ಕುಟುಂಬ. ಗಂಡನಿಗೆ ಕಾಮಾಕ್ಷಿಪಾಳ್ಯದ ಕಾರ್ಖಾನೆಯಲ್ಲಿ ಕೆಲಸ.

ಗೋಡೆ ತೆಳುವಾದ್ದರಿಂದ ಅವರ ಮನೆಯ ಮಾತು ನನಗೆ ಕೇಳಿಸುತ್ತಿತ್ತು. ಬಾ. ತಿನ್ನು. ಕೂತ್ಕೋ. ಬೇಡ. ಮಲ್ಕೋ. ಮಗಳೊಂದಿಗೆ ಸೆಲ್ವಿಯ ಮಾತು ಇಷ್ಟೇ. ಕಥೆಯಿಲ್ಲ, ಹಾಡಿಲ್ಲ, ಸುಮ್ಮನೆ ಒಂದು ಹರಟೆಯಿಲ್ಲ. ಎಂಥ ತಾಯಿ ಇವಳು ಎಂದು ನನಗೆ ಸಿಟ್ಟೇ ಬಂದಿತ್ತು. ಆದರೆ ಟೆರೇಸಿಗೆ ಹೋಗಿ ತನ್ನ ಅಮ್ಮನಿಗೆ ಫೋನು ಮಾಡಿದಾಗ ಅದೇ ಸೆಲ್ವಿ ತಮಿಳಿನಲ್ಲಿ ನಗುನಗುತ್ತಾ ಹೊತ್ತು ಹೋದದ್ದೇ ತಿಳಿಯದಂತೆ ಮಾತಾಡುತ್ತಿದ್ದಳು. ಕಡೆಗೆ ಕೇಳಿಯೇಬಿಟ್ಟೆ.

“ಪ್ಲೇಸ್ಕೂಲ್ ಮಿಸ್ ಹೇಳಿದ್ರು ಅಕ್ಕಾ. ಪಾಪಾ ಮಾತು ಕ್ಲಿಯರ್ ಇಲ್ಲ, ಅವಳ ಹೆಸರೇ ಯಾಯಿನಿ ಅಂತಾಳೆ, ಎರಡು ಭಾಷೆ ಕನ್ಫ್ಯೂಸ್ ಆಗ್ತದೆ, ಮನೇಲಿ ತಮಿಳ್ ನಿಲ್ಸಿ ಅಂದ್ರು. ನಂಗೆ ಬರೋ ಕನ್ನಡ ಇಷ್ಟೇ. ಆಮೇಲೆ ಪಾಪಾ ಮಾತಾಡೋದೇ ಬಿಟ್ಲು.”

ಆ ಹೆಸರಿನ ನಡುವಿನ ಅಕ್ಷರ ನಿಜಕ್ಕೂ ಳ ಅಲ್ಲ. ಹಳಗನ್ನಡದಲ್ಲಿದ್ದು ನಾವು ಕಳೆದುಕೊಂಡ ೞ ಅದು; ತಮಿಳರಲ್ಲಿ ಇನ್ನೂ ಇದೆ. ನಾಲಿಗೆಯನ್ನು ಹಿಂದಕ್ಕೆ ಮಡಚಿ, ಅಂಗುಳಕ್ಕೆ ತಗುಲಿಸದೆ ಹೇಳಬೇಕು. ಮಕ್ಕಳ ಬಾಯಲ್ಲಿ ಪ, ಮ, ನ ಮೊದಲು ಬರುತ್ತವೆ. ರ, ೞ ಪಳಗಲು ಕಾಲ ಬೇಕು, ಅಲ್ಲಿಯವರೆಗೆ ಯ, ಲಗಳಲ್ಲೇ ಸುಧಾರಿಸಿಕೊಳ್ಳುತ್ತವೆ. ಓನರ್ ಆಂಟಿಗೆ ಈ ವಯಸ್ಸಿನಲ್ಲೂ ಅದು ಬರುವುದಿಲ್ಲ, ನನಗೂ ಅಷ್ಟಕ್ಕಷ್ಟೆ. ಮೂರು ವರ್ಷದ ಮಗು ಯಾಯಿನಿ ಎಂದರೆ ಅದು ರೋಗವಲ್ಲ. ರೋಗವೆಂದು ತಿಳಿದು ಮಾಡಿದ ಮದ್ದೇ ಅವಳ ಬಾಯಿ ಕಟ್ಟಿಹಾಕಿತ್ತು.

ಕ್ಲಿನಿಕ್ಕಿಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದೆ. ಚೆನ್ನಾಗಿಯೇ ಕೇಳಿಸುತ್ತಿತ್ತು. “ತಮಿಳಲ್ಲೇ ಮಾತಾಡು ಸೆಲ್ವಿ, ಕನ್ನಡ ಹೊರಗಡೆ ತಾನಾಗೇ ಬರುತ್ತೆ” ಎಂದೆ. ಅವಳು ನಂಬಲಿಲ್ಲ.

“ಸ್ಕೂಲಲ್ಲಿ ಬೇಡ ಅಂದ್ರೆ? ಎಲ್ಲಾ ಪಾಪಾನ ನೋಡಿ ನಗಾಡಿದ್ರೆ?”

ಆ ಹೆದರಿಕೆ ನನಗೆ ಅರ್ಥವಾಯಿತು. ಕ್ಲಿನಿಕ್ಕಿನಲ್ಲಿ ನಾನೂ ‘ಐತ್ರಿ’ ಬಿಟ್ಟು ‘ಇದೆ’ ಹಿಡಿದವಳೇ. ನಾನೇ ಹೋಗಿ ಮಿಸ್ ಜೊತೆ ಮಾತಾಡಿದೆ. ಒಳ್ಳೆಯದಾಗಲೆಂದೇ ಹೇಳಿದ್ದರು, ಪಾಪ. ತಮಿಳು ಮಾತಾಡಲಿ ಬಿಡಿ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಓನರ್ ಆಂಟಿ ಬಜೆ ಬೇರು ತಂದುಕೊಟ್ಟಿದ್ದರು, “ತೇದು ನಾಲ್ಗೆಗೆ ಹಚ್ಚು, ಮಾತು ತಿರುಗುತ್ತೆ ಕಣಮ್ಮ” ಎಂದು. ತಮಿಳರೂ ಇದನ್ನೇ ಹಚ್ಚುತ್ತಾರಂತೆ, ವಸಂಬು ಎನ್ನುತ್ತಾರೆ. ಬಾಯಿಗೆ ಬೇಡ ಎಂದೆ. ಸೆಲ್ವಿ ದಾರಕ್ಕೆ ಪೋಣಿಸಿ ಮಗಳ ಕೈಗೆ ಕಟ್ಟಿದಳು.

ಮೆಲ್ಲಗೆ ಗೋಡೆಯಾಚೆ ತಮಿಳು ಶುರುವಾಯಿತು. ಮೊದಲು ಸ್ನಾನ ಮಾಡಿಸುವಾಗ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಪಿಸುದನಿಯಲ್ಲಿ. ಆಮೇಲೆ ಊಟ ಮಾಡಿಸುವಾಗ ಊರಿನ ಕಥೆ: ಪಾಟಿ, ಅಂದರೆ ಅಜ್ಜಿ, ಅವಳ ಮನೆ, ಅಲ್ಲಿಯ ಆಡುಗಳು. ಮಗು ಒಂದೊಂದೇ ಶಬ್ದ ಆಡಿತು, ಆಮೇಲೆ ಎರಡೆರಡು, ಆಮೇಲೆ ಹಟ, ಜಗಳ, ಚಾಡಿ. ಯಾಯಿನಿ ಯಾಯಿನಿಯಾಗಿಯೇ ಉಳಿದಳು, ಅದಕ್ಕೇನೂ ಅವಸರವಿಲ್ಲ. ಗೋಡೆಯ ಈಚೆ ಕೂತು ಅವಳ ಜಗಳ ಕೇಳಿಸಿಕೊಳ್ಳುವಾಗ ನನಗೆ ಕಣ್ಣು ತುಂಬುತ್ತಿತ್ತು.

ಮೊನ್ನೆ ಸಂಜೆ ನಾನೂ ಸೆಲ್ವಿಯೂ ಟೆರೇಸಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆವು. ಅದು ಪಾಟಿಯ ಮನೆ, ಇದು ಓನರ್ ಆಂಟಿಯ ಮನೆ, ಇಲ್ಲಿ ಗೋಡೆಯ ಮೇಲೆ ಗೀಚಬಾರದು ಎಂದು ಸೆಲ್ವಿ ತಮಿಳಿನಲ್ಲಿ ಬುದ್ಧಿ ಹೇಳುತ್ತಿದ್ದಳು. ಮಗು ನಡುವೆ ತಡೆದು ಕೇಳಿತು: “ಅಪ್ಪೊ ನಮ್ಮ ವೀಡು ಎದು?” ಹಾಗಾದರೆ ನಮ್ಮ ಮನೆ ಯಾವುದು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಸೆಲ್ವಿ ನನ್ನ ಮುಖ ನೋಡಿದಳು. “ಏನ್ ಹೇಳ್ಲಿ ಅಕ್ಕಾ?”

ಮಡಚುತ್ತಿದ್ದ ಸೀರೆ ನನ್ನ ಕೈಯಲ್ಲೇ ಉಳಿಯಿತು. ಮಗು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಾ ಕಾಯುತ್ತಿತ್ತು. ಮಾತು ಕಲಿಸುವವಳು ನಾನು.